ಬೀಗರ ಡ್ರಮ್ಮು, ನನ್ನ ತಿಪ್ಪೆ

ಹೊಟ್ಟೆಕಿಚ್ಚು ಅನ್ನೋದು ಪ್ರಾಯದವರ ಕಾಯಿಲೆ, ಹಲ್ಲು ಉದುರುವಾಗ ಅದೂ ಜೊತೆಗೇ ಉದುರಿಹೋಗುತ್ತೆ ಅಂತ ನಾನು ಬಹಳ ಕಾಲ ನಂಬಿದ್ದೆ. ಸುಳ್ಳು. ಹಲ್ಲು ಹೋದಮೇಲೆ ಅಗಿಯೋಕೆ ಬೇರೇನೂ ಸಿಗದೆ ಮನುಷ್ಯ ಅದನ್ನೇ ಅಗೀತಾ ಕೂರುತ್ತಾನೆ. ಪಕ್ಕದ ಹೊಲದವನ ರಾಗಿ ತೆನೆ ನೋಡಿ ಕರುಬೋದು, ದಾಯಾದಿ ಕಟ್ಟಿಸಿದ ಮನೆ ನೋಡಿ ಕರುಬೋದು, ಇವೆಲ್ಲ ಮರ್ಯಾದಸ್ಥರ ಹೊಟ್ಟೆಕಿಚ್ಚು. ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ನನ್ನದು ಹೇಳಿಕೊಳ್ಳೋಕೂ ನಾಚಿಕೆ. ನಾನು ಕರುಬಿದ್ದು ಒಂದು ಡ್ರಮ್ಮಿನ ಮೇಲೆ. ಹಸಿರು ಬಣ್ಣ, ನನ್ನ ಸೊಂಟದೆತ್ತರ, ಮೇಲೊಂದು ಮುಚ್ಚಳ, ಕೆಳಗೊಂದು ನಲ್ಲಿ. ರಾಮನಗರದಲ್ಲಿ ನಮ್ಮ ಬೀಗರ ಮನೆಯ ತಾರಸಿ ಮೇಲೆ ಅದು ಮದುವೆ ಗಂಡಿನ ಹಂಗೆ ನಿಂತುಕೊಂಡಿದೆ. ಅದರ ಕಥೆ ಹೇಳದೆ ಹೋದರೆ ನನಗೆ ಅನ್ನ ಇಳಿಯೋಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಮಳೆ ಬಂದ ದಿನ ಬಿಟ್ಟು. ಒತ್ತು ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲು ನನ್ನ ಮೊಮ್ಮಗಳ ವಿಚಾರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಧ್ಯೆ ಮಧ್ಯೆ ಉಕ್ಕಿ ಬಂದು ಕಥೆ ಕೆಡಿಸುತ್ತೆ. ಹೆಸರು ಸಾನ್ವಿ. ನನ್ನ ಒಬ್ಬಳೇ ಮಗಳು ಶೋಭಾಳ ಒಬ್ಬಳೇ ಮಗಳು. ನಾಲ್ಕು ತುಂಬಿ ಐದಕ್ಕೆ ಬಿದ್ದಿದೆ. ದೇವರು ನನಗೆ ಎರಡೆಕರೆ ಹೊಲ, ಒಂದು ಜೊತೆ ಹಸು, ಒಬ್ಬ ಹೆಂಡತಿ ಎಲ್ಲ ತೂಗಿ ಕೊಟ್ಟು, ಕೊನೆಯಲ್ಲಿ ಕೊಸರು ಅಂತ ಈ ಮಗುವನ್ನು ಹಾಕಿದ. ಕೊಸರೇ ತೂಕಕ್ಕಿಂತ ಜಾಸ್ತಿಯಾಗಿಬಿಟ್ಟಿತು. ಅವಳು ನಕ್ಕರೆ ಗಲ್ಲದಲ್ಲಿ ಗುಳಿ ಬೀಳುತ್ತೆ, ಎಡಗಡೆ ಮಾತ್ರ. ಆ ಗುಳಿ ನಮ್ಮವ್ವನಿಗಿತ್ತು. ಬೀಗರ ಕಡೆ ಯಾರಿಗೂ ಇಲ್ಲ, ನಾನು ಮದುವೆ ಫೋಟೋಗಳನ್ನೆಲ್ಲ ತಿರುವಿ ಹಾಕಿ ನೋಡಿದ್ದೇನೆ. ಅವಳು ನಮ್ಮೂರಿಗೆ ಬರುವ ಹಿಂದಿನ ದಿನ ನಾನು ಗಡ್ಡ ಕೆರೆಸಿಕೊಂಡು, ಹಸುಗಳ ಮೈ ತೊಳೆದು, ಅಂಗಳಕ್ಕೆ ನಾನೇ ನೀರು ಹಾಕುತ್ತೇನೆ. ನಮ್ಮ ಮನೆಯವಳು ಗೌರಮ್ಮ, "ನನ್ನ ನೋಡೋಕೆ ಬಂದಾಗ ಇಷ್ಟು ಸಿಂಗಾರ ಆಗಿರ್ನಿಲ್ಲ ನೀವು," ಅಂತಾಳೆ. ಅದು ನಿಜ. ಅವತ್ತು ನಾನು ಹೊಲದಿಂದ ನೇರ ಹೋಗಿದ್ದೆ.

ತೊಂದರೆ ಏನು ಅಂದರೆ ಈ ಮಗುವಿಗೆ ಇಬ್ಬರು ತಾತಂದಿರು. ದಿನಾ ಎತ್ತಿ ಆಡಿಸೋದು ರಾಮನಗರದ ನಮ್ಮ ಬೀಗರು ನಂಜುಂಡಪ್ಪನವರು. ಅವರು ಬರೀ "ತಾತ." ಕೋಡಿಹಳ್ಳಿ ಕಡೆಯ ಹಳ್ಳಿಯಲ್ಲಿ ಕೂತಿರುವ ನಾನು "ಊರ ತಾತ." ತಾತ ಅನ್ನೋ ಪದಕ್ಕೆ ಹಿಂದೆ ಇನ್ನೊಂದು ಪದ ಅಂಟಿಸಿದರೆ ಏನರ್ಥ? ಅಸಲಿ ಬೇರೆ ಕಡೆ ಇದೆ, ಇದು ರಜೆಗೆ ಮಾತ್ರ ಅಂತ ತಾನೇ? ಆ ಒಂದು "ಊರ" ನನ್ನ ಎದೆಯಲ್ಲಿ ಜಾಲಿ ಮುಳ್ಳಿನಂತೆ ಕೂತಿತ್ತು. ಅದನ್ನು ಕೀಳಬೇಕು, ನಾನೂ ಬರೀ ತಾತ ಆಗಬೇಕು. ಮುಂದೆ ನಾನು ಮಾಡಿದ್ದೆಲ್ಲ ಅದೊಂದಕ್ಕೇ.

ಇನ್ನು ತಿಪ್ಪೆ. ನಿಮಗೆ ಗೊತ್ತಿರಬಹುದು, ನಮ್ಮ ಕಡೆ ಒಂದು ಕಾಲದಲ್ಲಿ ಹೆಣ್ಣು ಕೊಡೋರು ಗಂಡಿನ ಮನೆಗೆ ಬಂದರೆ ಮೊದಲು ಗಂಡನ್ನು ನೋಡುತ್ತಿರಲಿಲ್ಲ, ಹಿತ್ತಲಿಗೆ ಹೋಗಿ ತಿಪ್ಪೆ ನೋಡುತ್ತಿದ್ದರು. ತಿಪ್ಪೆ ಎತ್ತರ ಇದ್ದರೆ ದನ ಇವೆ, ದನ ಇದ್ದರೆ ಬೇಸಾಯ ಇದೆ, ಬೇಸಾಯ ಇದ್ದರೆ ಹುಡುಗಿ ಮುದ್ದೆ ಉಣ್ಣುತ್ತಾಳೆ. ಗಂಡು ಸುಳ್ಳು ಹೇಳಬಹುದು, ತಿಪ್ಪೆ ಹೇಳೋಲ್ಲ. ನನ್ನ ಮಾವನವರು ಬಂದಾಗ ನಮ್ಮಪ್ಪ ಕಾಫಿಗೂ ಮೊದಲು ತಿಪ್ಪೆ ತೋರಿಸಿದ್ದ. ಮಾವ ಒಂದು ಕೋಲು ತಗೊಂಡು ಚುಚ್ಚಿ ನೋಡಿ, ಕೋಲಿನ ತುದಿ ಮೂಸಿ, "ಆಗ್ಬೋದು," ಅಂದರಂತೆ. ಗೌರಮ್ಮ ಇವತ್ತಿಗೂ ಹಂಗಿಸುತ್ತಾಳೆ, "ನಮ್ಮಪ್ಪ ನನ್ನ ಕೊಟ್ಟಿದ್ದು ನಿಮ್ಮ ತಿಪ್ಪೆಗೆ. ನೀವು ಅದರ ಜೊತೆಗೆ ಬಂದ್ರಿ ಅಷ್ಟೆ." ಸಗಣಿ, ಗಂಜಲ, ಒಲೆ ಬೂದಿ, ದನ ತಿಂದು ಬಿಟ್ಟ ಹುಲ್ಲು, ರೇಷ್ಮೆ ಹುಳುವಿನ ಹಿಕ್ಕೆ, ಹಿಪ್ಪುನೇರಳೆ ಕಡ್ಡಿ, ಎಲ್ಲ ಅದರ ಹೊಟ್ಟೆಗೆ. ದೀಪಾವಳಿಯಲ್ಲಿ ಅದಕ್ಕೂ ಚೆಂಡು ಹೂವಿಟ್ಟು ದೀಪ ಹಚ್ಚುತ್ತೇವೆ. ಊರಲ್ಲಿ ಈಗ ಬೇರೆಯವರ ತಿಪ್ಪೆಗಳು ಮಂಡಿಯುದ್ದಕ್ಕೆ ಇಳಿದಿವೆ. ನನ್ನದು ಇನ್ನೂ ಆಳೆತ್ತರ. ರಸ್ತೆಯಲ್ಲಿ ಹೋಗುವವರು ನಿಂತು ನೋಡಲಿ ಅಂತಲೇ ನಾನು ಅದರ ಪಕ್ಕ ಜಗಲಿ ಹಾಕಿಸಿಕೊಂಡು ಕೂರುತ್ತೇನೆ. ಯಾರೂ ನಿಲ್ಲೋಲ್ಲ, ಆ ಮಾತು ಬೇರೆ.

ಶೋಭಾಳ ಸಂಬಂಧ ನೋಡೋಕೆ ರಾಮನಗರಕ್ಕೆ ಹೋದಾಗ ಹಳೇ ಅಭ್ಯಾಸದಲ್ಲಿ ನಾನು ಬೀಗರ ಮನೆಯ ಹಿಂದಕ್ಕೆ ಹೋದೆ. ಹಿಂದೆ ಇದ್ದದ್ದು ತಾರಸಿಗೆ ಹತ್ತೋ ಮೆಟ್ಟಿಲು, ಒಂದು ಗೋಡೆ, ಗೋಡೆಯಾಚೆ ಇನ್ನೊಬ್ಬರ ಗೋಡೆ. "ಏನು ಹುಡುಕ್ತಾ ಇದೀರಿ, ಬಾತ್‌ರೂಮಾ?" ಅಂತ ಬೀಗರು ಕೇಳಿದರು. ತಿಪ್ಪೆ ಅನ್ನೋಕೆ ನಾಚಿಕೆಯಾಗಿ ಹೂಂ ಅಂದೆ. ಬೇಡದಿದ್ದರೂ ಹೋಗಿ ಬಂದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಗೌರಮ್ಮನಿಗೆ ಹೇಳಿದೆ, "ಮನೇಲಿ ಎಲ್ಲಾ ಐತೆ ಕಣಮ್ಮಿ, ತಿಪ್ಪೆ ಒಂದಿಲ್ಲ. ತಿಂದಿದ್ದೆಲ್ಲ ಎತ್ಲಾಗೆ ಹೋಯ್ತದೆ ಇವರದ್ದು?" ಅವಳು, "ಹುಡುಗನ್ನ ನೋಡಿದ್ರಾ?" ಅಂದಳು. ಅದನ್ನು ಮರೆತಿದ್ದೆ.

ನಂಜುಂಡಪ್ಪನವರು ಒಳ್ಳೆಯವರು. ಇದನ್ನು ಒಪ್ಪಿಕೊಳ್ಳೋಕೆ ನನಗೆ ಎಷ್ಟು ಕಷ್ಟ ಅಂತ ನಿಮಗೇನು ಗೊತ್ತು. ಅವರದ್ದು ಹಾರ್ಡ್‌ವೇರ್ ಅಂಗಡಿ. ಜೀವಮಾನವೆಲ್ಲ ಪ್ಲಾಸ್ಟಿಕ್ ಪೈಪು, ಪ್ಲಾಸ್ಟಿಕ್ ಟ್ಯಾಂಕು, ಪ್ಲಾಸ್ಟಿಕ್ ಬಕೀಟು ಮಾರಿ, ಈಗ ಅಂಗಡಿಯನ್ನು ಮಗನಿಗೆ, ಅಂದರೆ ನಮ್ಮ ಅಳಿಯನಿಗೆ ಬಿಟ್ಟಿದ್ದಾರೆ. ಬಿಟ್ಟ ಮೇಲೆ ಸಮಯ ಸಿಕ್ಕಿತು. ಸಮಯ ಸಿಕ್ಕಿದವರು ದೇವಸ್ಥಾನಕ್ಕೆ ಹೋಗುತ್ತಾರೆ, ಇವರು ಮೊಬೈಲಿಗೆ ಹೋದರು. ಅಲ್ಲಿ ಭೂಮಿ ಬಿಸಿಯಾಗ್ತಿರೋದು ಕಂಡಿತು. ಅಲ್ಲಿಂದ ಶುರು. ಬಟ್ಟೆ ಚೀಲ ಹಿಡಿದರು, ಬಿದಿರಿನ ಹಲ್ಲುಜ್ಜೋ ಬ್ರಷ್ಷು ತರಿಸಿದರು, ಬೆಳಿಗ್ಗೆ ವಾಕಿಂಗಿಗೆ ಹೋದವರು ಬೀದಿಯಲ್ಲಿ ಬಿದ್ದ ಬಾಟಲಿ ಆರಿಸಿಕೊಂಡು ಬರೋಕೆ ಶುರು ಮಾಡಿದರು. ಬೀಗಿತ್ತಿ ಸುಶೀಲಮ್ಮ ಮೊದಮೊದಲು ಅತ್ತರಂತೆ, ಅಂಗಡಿ ಏನಾದರೂ ಮುಳುಗಿಹೋಯಿತೋ ಏನೋ, ಯಜಮಾನರು ಚಿಂದಿ ಆಯ್ತಾವ್ರೆ ಅಂತ.

ಒಂದು ಸಲ ನಾನು ಹೋದಾಗ ನನ್ನನ್ನೂ ಕೂರಿಸಿಕೊಂಡರು. "ಉತ್ತರ ಧ್ರುವದಲ್ಲಿ ಐಸ್ ಕರಗ್ತಾ ಐತೆ ಬೀಗ್ರೆ. ಸಮುದ್ರದಲ್ಲಿ ಊರೂರೇ ಮುಳುಗೋಯ್ತವೆ."

"ನಮ್ಮ ಕಡೆ ಬೆಟ್ಟಾನೇ ಕರಗ್ತಾ ಐತೆ ಬೀಗ್ರೆ," ಅಂದೆ ನಾನು. "ನಾನು ಮೇಕೆ ಕಾಯ್ತಿದ್ದ ಗುಡ್ಡಾನ ಗ್ರಾನೈಟು ಅಂತ ಕುಯ್ದು ಲಾರೀಲಿ ಹಾಕ್ಕಂಡು ಹೋದ್ರು. ಹಡಗು ಹತ್ತಿ ಹೋಯ್ತಂತೆ. ಈಗ ಯಾವ ದೇಶದಲ್ಲೋ ಯಾವಳೋ ಅದರ ಮೇಲೆ ಈರುಳ್ಳಿ ಹೆಚ್ತಾವ್ಳೆ."

"ಅದೇ ನೋಡಿ. ನಿಮಗೆ ನಿಮ್ಮ ಗುಡ್ಡ ಅಷ್ಟೇ ಕಾಣ್ತದೆ. ನೀವು ಒಸಿ ದೊಡ್ಡದಾಗಿ ಯೋಚನೆ ಮಾಡ್ಬೇಕು. ಇಡೀ ಭೂಮಿ ನಮ್ಮದು."

ಅಲ್ಲೇ ನಮ್ಮಿಬ್ಬರ ದಾರಿ ಬೇರೆಯಾದದ್ದು. ಅವರ ಭೂಮಿ ಗುಂಡಗಿದೆ, ನನ್ನದು ಚೌಕ. ಅವರದ್ದು ಆಕಾಶದಲ್ಲಿ ತೇಲುತ್ತಾ ಇದೆ, ನನ್ನದಕ್ಕೆ ನಾಲ್ಕು ಮೂಲೆಯಲ್ಲಿ ಬಾಂದು ಕಲ್ಲು ನೆಟ್ಟಿದೆ. ಅವರು ಕಾಣದ ದ್ವೀಪದ ಜನಕ್ಕೆ ಮರುಗುತ್ತಾರೆ. ನಾನು ನಿಜ ಹೇಳಬೇಕು ಅಂದರೆ ಕನಕಪುರದಿಂದಾಚೆ ಯಾರಿಗೂ ಮರುಗಿದವನಲ್ಲ. ಯಾರದ್ದು ಸರಿ ಅಂತ ಕೇಳಿದರೆ, ಆವತ್ತು ನನ್ನದೇ ಸರಿ ಅಂತಿದ್ದೆ, ಯಾಕೆಂದರೆ ಸಾನ್ವಿ ಅವರ ತೊಡೆಯ ಮೇಲೆ ಕೂತಿದ್ದಳು. ನನ್ನ ತೊಡೆ ಮೇಲೆ ಕೂತಿದ್ದರೆ ಇಡೀ ಭೂಮಿ ಗುಂಡಗಿದೆ ಅಂತ ನಾನೂ ಒಪ್ಪಿಕೊಳ್ಳುತ್ತಿದ್ದೆನೋ ಏನೋ.

ಆಮೇಲೆ ಬಂದದ್ದು ಆ ಡ್ರಮ್ಮು. ಹೊರದೇಶದ ಮಾಲು. ದೊಡ್ಡ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆ ಮೇಲೆ ಒಬ್ಬ ಬಿಳೀ ಹೆಂಗಸು ಕ್ಯಾರೆಟ್ ಸಿಪ್ಪೆ ನೋಡಿ ನಗುತ್ತಿರುವ ಚಿತ್ರ. ನಮ್ಮ ಬಾಳೆಹಣ್ಣಿನ ಸಿಪ್ಪೆ ಕೊಳೆಸೋಕೆ ಸಮುದ್ರ ದಾಟಿ ಬಂದಿತ್ತು ಅದು. ಜೊತೆಗೆ ಒಂದು ಪುಡಿ ಪೊಟ್ಟಣ. ಏನಿದು ಅಂತ ಕೇಳಿದರೆ, "ಇದರಲ್ಲಿ ಕಣ್ಣಿಗೆ ಕಾಣದ ಹುಳ ಇರ್ತವೆ ಬೀಗ್ರೆ. ಇದನ್ನ ಉದುರಿಸಿದ್ರೆ ಕಸ ಕೊಳ್ತು ಗೊಬ್ಬರ ಆಯ್ತದೆ," ಅಂದರು. ನಮ್ಮ ಹಸುಗಳು ದಿನಾ ಬೆಳಿಗ್ಗೆ ಆ ಹುಳಗಳನ್ನು ಪುಕ್ಕಟೆಯಾಗಿ ಕೊಟ್ಟಿಗೆ ತುಂಬ ಹಾಕುತ್ತವೆ ಅಂತ ಹೇಳೋಣ ಅಂತ ಬಾಯಿ ತೆರೆದೆ. ಗೌರಮ್ಮ ನನ್ನ ಕಾಲು ತುಳಿದಳು. ಬೀಗರ ಮನೆಯಲ್ಲಿ ನಾನು ಬಾಯಿ ತೆರೆದಾಗಲೆಲ್ಲ ಅವಳ ಕಾಲು ಎಲ್ಲಿರುತ್ತೆ ಅಂತ ನನಗೆ ಗೊತ್ತು.

ನಾನು ನಗಾಡಿಕೊಂಡೇ ಇರುತ್ತಿದ್ದೆ. ಆದರೆ ಮುಂದಿನ ರಜೆಗೆ ಸಾನ್ವಿ ಊರಿಗೆ ಬಂದಳು. ನಾನು ಹೆಗಲ ಮೇಲೆ ಕೂರಿಸಿಕೊಂಡು ಹಸು ತೋರಿಸಿ, ಕರು ತೋರಿಸಿ, ಕೊನೆಗೆ ನನ್ನ ತಿಪ್ಪೆಯ ಹತ್ತಿರ ತಂದು ನಿಲ್ಲಿಸಿದೆ. ಮಗು ಎರಡು ಬೆರಳಲ್ಲಿ ಮೂಗು ಹಿಡಿದುಕೊಂಡಿತು.

"ಊರ ತಾತ, ಗಬ್ಬು."

"ಗಬ್ಬಲ್ಲ ಮಗ, ಗೊಬ್ಬರ ಅದು. ರಾಗಿಗೆ ಊಟ."

"ಅಲ್ಲ. ಇದು ಗಲೀಜು. ನಮ್ಮನೇಲಿ ತಾತ ಮಾಡೋದು ಕಾಂಪೋಸ್ಟು. ಅದು ಭೂಮಿಗೆ ಒಳ್ಳೇದು. ನಾನೂ ದಿನಾ ಸಿಪ್ಪೆ ಹಾಕ್ತೀನಿ, ಗೊತ್ತಾ?"

ನನ್ನ ಮಾವನವರು ಕೋಲಿನಿಂದ ಚುಚ್ಚಿ ಮೂಸಿ ಮಗಳನ್ನು ಕೊಟ್ಟ ತಿಪ್ಪೆ ಅದು. ಅವರ ಮರಿಮಗಳು ಮೂಗು ಹಿಡಿದಳು. ಅವತ್ತು ಮಧ್ಯಾಹ್ನ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. "ಆ ಡ್ರಮ್ಮಿನ ಮುಂದೆ ನಾನು ತಿಪ್ಪೆಗಿಂತ ಕಡೆಯಾದೆ," ಅಂದೆ. ಗೌರಮ್ಮ, "ತಿಪ್ಪೆಗಿಂತ ಮುಂದೆ ಯಾವಾಗ ಇದ್ರಿ?" ಅಂದಳು.

ಹೊಟ್ಟೆಕಿಚ್ಚು ಹೆಚ್ಚಾದ ಮನುಷ್ಯ ಏನು ಮಾಡುತ್ತಾನೆ ಅಂದರೆ, ತನ್ನ ಬಲ ಬಿಟ್ಟು ಎದುರಾಳಿಯ ಬಲ ಹಿಡಿಯೋಕೆ ಹೋಗುತ್ತಾನೆ. ಅವರು ಹೊರದೇಶದ ಡ್ರಮ್ಮು ತರಿಸಿದರೆ ನಾನು ಹೊರದೇಶದ ಗೊಂಬೆ ತರುತ್ತೇನೆ ಅಂತ ಕನಕಪುರಕ್ಕೆ ಹೋದೆ. ಚನ್ನಪಟ್ಟಣದ ಮರದ ಗೊಂಬೆ ನಮಗೆ ಪಕ್ಕದಲ್ಲೇ. ಅರಗು ಹಚ್ಚಿ ಮಿರಮಿರ ಮಿಂಚುತ್ತೆ, ಮಗು ಬಾಯಿಗಿಟ್ಟರೂ ಏನೂ ಆಗೋಲ್ಲ, ನಮ್ಮ ಶೋಭಾ ಅದರಲ್ಲೇ ಆಡಿ ಬೆಳೆದಳು. ಆದರೆ ಪಕ್ಕದಲ್ಲೇ ಸಿಗೋ ಸಾಮಾನಿನಿಂದ ಬೀಗರನ್ನು ಸೋಲಿಸೋದು ಹೇಗೆ? ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಒಂದು ಪ್ಲಾಸ್ಟಿಕ್ ಬೊಂಬೆ ಮಾರುತ್ತಿದ್ದ. ಹಳದಿ ಕೂದಲು, ಗುಲಾಬಿ ಫ್ರಾಕು, ಹೊಟ್ಟೆ ಒತ್ತಿದರೆ ಯಾವುದೋ ಭಾಷೆಯಲ್ಲಿ ಹಾಡುತ್ತೆ. "ಯಾವ ದೇಶದ್ದಪ್ಪ?" ಅಂದೆ. "ಫಾರಿನ್ನು," ಅಂದ. ಫಾರಿನ್ ಅನ್ನೋ ದೇಶ ಎಲ್ಲಿದೆ ಅಂತ ಅವನಿಗೂ ಗೊತ್ತಿಲ್ಲ, ನನಗೂ ಬೇಕಿರಲಿಲ್ಲ.

ಸಾನ್ವಿ ಕುಣಿದಳು. ಒಂದು ಹೊತ್ತು ನಾನು ಬರೀ ತಾತ ಆದೆ. ನನ್ನ ಕಿವಿಯಾರೆ ಕೇಳಿದ್ದೇನೆ, "ತಾತ, ಇನ್ನೊಂದ್ಸಲ ಒತ್ತು," ಅಂದಳು, "ಊರ" ಇಲ್ಲದೆ. ಸಂಜೆ ಹೊತ್ತಿಗೆ ಬೊಂಬೆಯ ಹಾಡು ನಿಂತಿತು, ಆಮೇಲೆ ಬಲಗೈ ಕಿತ್ತು ಬಂತು. ಮಗು ಅಳೋಕೆ ಶುರು ಮಾಡಿತು. "ಅಳಬೇಡ ಮಗ. ಕೈಗೆ ಹುಷಾರಿಲ್ಲ. ಆಸ್ಪತ್ರೆಗೆ ಕಳಿಸಿ ಸರಿ ಮಾಡಿಸ್ತೀನಿ," ಅಂತ ಕೈ ತಗೊಂಡು ಹಿತ್ತಲಿಗೆ ಹೋದೆ. ಫೆವಿಕಾಲು ಗೋಂದು ಏನು ಹಚ್ಚಿದರೂ ಅಂಟಲಿಲ್ಲ. ಬೇಡವಾದದ್ದು ಎಲ್ಲಿಗೆ ಹೋಗುತ್ತೆ ನಮ್ಮ ಮನೆಯಲ್ಲಿ? ಕೈ ತಾನಾಗೇ ಬೀಸಿತು, ಬೊಂಬೆಯ ಕೈ ತಿಪ್ಪೆಗೆ ಬಿತ್ತು. ಒಂಟಿ ಕೈ ಬೊಂಬೆ ಸಾನ್ವಿ ಜೊತೆ ರಾಮನಗರಕ್ಕೆ ಹೋಯಿತು. ಹೋಗುವಾಗ ಮಗು ಬಸ್ಸಿನ ಕಿಟಕಿಯಲ್ಲಿ ಕೂಗಿತು, "ಊರ ತಾತ, ಆಸ್ಪತ್ರೆಯಿಂದ ಕೈ ಇಸ್ಕೊಂಡು ಬಾ." ನೋಡಿ, ಮತ್ತೆ ಊರ ತಾತ.

ಆಮೇಲೆ ಮನೆಯಲ್ಲಿ ಒಂದು ವಿಚಿತ್ರ ನಡೆಯಿತು. ಸುಶೀಲಮ್ಮನ ಫೋನು ಗೌರಮ್ಮನಿಗೆ ಮೇಲಿಂದ ಮೇಲೆ ಬರೋಕೆ ಶುರುವಾಯಿತು. ನಾನು ಅಡುಗೆಮನೆಗೆ ಕಾಲಿಟ್ಟರೆ ಮಾತು ಹುರುಳಿಕಾಳಿನ ಸಾರಿಗೆ ತಿರುಗುತ್ತಿತ್ತು. ಇನ್ನೊಂದು ದಿನ ನಾನು ಮಾರ್ಕೆಟ್ಟಿಗೆ ರೇಷ್ಮೆ ಗೂಡು ಹಾಕಿ ಬರುವಷ್ಟರಲ್ಲಿ ನಮ್ಮೂರ ಲಗೇಜ್ ಆಟೋ ಮಾದೇಶ ತಿಪ್ಪೆಯ ಹಳೇ ಮಗ್ಗುಲಿನಿಂದ ಗೊಬ್ಬರ ತುಂಬಿ ಮೂಟೆ ಕಟ್ಟುತ್ತಿದ್ದ. "ಯಾರಿಗ್ಲಾ?" ಅಂದೆ. ಅವನು ಗೌರಮ್ಮನ ಮುಖ ನೋಡಿದ. ಗೌರಮ್ಮ, "ಯಾರೋ ಹೂವಿನ ಕುಂಡಕ್ಕೆ ಕೇಳಿದ್ರು, ಪಾಪ," ಅಂದಳು. ನನ್ನ ತಿಪ್ಪೆಯನ್ನು ಕೇಳುವವರೂ ಇದ್ದಾರಲ್ಲ ಅಂತ ಹಿಗ್ಗಿ ನಾನೇ ಒಂದು ಬುಟ್ಟಿ ಜಾಸ್ತಿ ತುಂಬಿಸಿದೆ.

ಅದಾಗಿ ಸ್ವಲ್ಪ ದಿನಕ್ಕೆ ನಂಜುಂಡಪ್ಪನವರ ಫೋನು. "ಬೀಗ್ರೆ, ಭಾನುವಾರ ಡ್ರಮ್ಮು ತೆಗೀತೀವಿ. ಮೊದಲನೇ ಫಲ. ನೀವಿಬ್ರೂ ಬರ್ಲೇಬೇಕು." ಧ್ವನಿಯಲ್ಲಿ ಹೊಸ ಮನೆಗೆ ಗೃಹಪ್ರವೇಶದ ಕಳೆ. ಕಸ ಕೊಳೆತದ್ದಕ್ಕೆ ಊಟ ಹಾಕಿಸೋರನ್ನು ನಾನು ಕಂಡಿರಲಿಲ್ಲ. ಕೊಳೆತಿರೋಲ್ಲ, ನಾರುತ್ತಿರುತ್ತೆ, ಸಾನ್ವಿ ಮೂಗು ಹಿಡಿಯುತ್ತಾಳೆ, ಆಗ ನಾನು ಪಕ್ಕದಲ್ಲಿರಬೇಕು ಅನ್ನೋ ಆಸೆಯಿಂದ ಇಸ್ತ್ರಿ ಪಂಚೆ ಉಟ್ಟು ಹೊರಟೆ. ಒಬ್ಬರ ಮನೆಯ ಕಸ ನಾರಲಿ ಅಂತ ದೇವರಿಗೆ ಕೈ ಮುಗಿದು ಬಸ್ ಹತ್ತಿದವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ತಾರಸಿ ಮೇಲೆ ಶಾಮಿಯಾನ ಒಂದು ಇರಲಿಲ್ಲ, ಮಿಕ್ಕಿದ್ದೆಲ್ಲ ಇತ್ತು. ಚಾಪೆ, ಕೇಸರಿಬಾತು, ಬೀಗರ ವಾಕಿಂಗ್ ಸ್ನೇಹಿತರು ಒಂದಿಬ್ಬರು. ಸಾನ್ವಿ ಕೈಯಲ್ಲಿ ಆಟದ ಸಲಿಕೆ, ಕಂಕುಳಲ್ಲಿ ಒಂಟಿ ಕೈ ಬೊಂಬೆ. ಬೀಗರು ಹೇಳಿದರು, "ಮಧ್ಯೆ ಒಸಿ ಕೆಟ್ಟಿತ್ತು ಬೀಗ್ರೆ. ವಾಸನೆ ಬಂತು. ಮಗು ತಾರಸಿಗೆ ಬರೋದೇ ಬುಟ್ಟುಬುಡ್ತು. ನನಗೆ ಎಷ್ಟು ಬೇಜಾರಾಯ್ತು ಅಂತೀರಿ, ಊಟ ಸೇರ್ತಿರ್ನಿಲ್ಲ. ಪುಡಿ ಒಂದು ಕೈ ಜಾಸ್ತಿ ಹಾಕಿ, ಮುಚ್ಚಳ ಮುಚ್ಚಿ, ಹದಿನೈದು ದಿನ ಮುಟ್ಟಬಾರದು ಅಂತ ಬರೆದಿದ್ರು, ಮುಟ್ಟಲಿಲ್ಲ. ಈಗ ನೋಡಿ." ಮುಚ್ಚಳ ತೆಗೆದರು.

ನಾನು ಬಗ್ಗಿ ನೋಡಿದೆ. ಕಪ್ಪಗೆ, ಪುಡಿಪುಡಿಯಾಗಿ, ಹಿಡಿದರೆ ಉಂಡೆಯಾಗಿ ಬಿಟ್ಟರೆ ಉದುರುವಂಥ ಗೊಬ್ಬರ. ಮೊದಲ ಮಳೆ ಬಿದ್ದ ಹೊಲದ ವಾಸನೆ. ಇಂಥ ಗೊಬ್ಬರ ಹತ್ತೂರಲ್ಲಿ ಒಬ್ಬರ ಮನೆಯಲ್ಲಿ ಮಾತ್ರ ಇದೆ ಅಂತ ನಾನು ಅಷ್ಟು ವರ್ಷ ಎದೆ ತಟ್ಟಿಕೊಂಡಿದ್ದೆ. ಬಾಳೆಹಣ್ಣಿನ ಸಿಪ್ಪೆಯಿಂದ, ಹಸುವಿನ ಮುಖ ನೋಡದೆ, ಒಂದು ಪೊಟ್ಟಣ ಪುಡಿಯಲ್ಲಿ ಇವರು ಇದನ್ನು ಮಾಡಿಬಿಟ್ಟರಾ? ಹಾಗಾದರೆ ನಮ್ಮಪ್ಪ, ನಮ್ಮಜ್ಜ, ಆ ಹಸುಗಳು, ಅಷ್ಟು ಜನ್ಮ ಎಲ್ಲ ದಂಡವಾ? ಹೊಟ್ಟೆ ಉರಿದು ಕೇಸರಿಬಾತು ಕಹಿಯಾಯಿತು. ಸಾನ್ವಿ ಬೊಗಸೆ ತುಂಬ ಗೊಬ್ಬರ ಎತ್ತಿ ಮೂಗಿನ ಹತ್ತಿರ ಹಿಡಿದು, "ಎಷ್ಟು ಚೆನ್ನಾಗೈತೆ ಅಲ್ವಾ ಊರ ತಾತ?" ಅಂದಳು. "ಹೂಂ ಮಗ," ಅಂದೆ. ಆ ಎರಡು ಪದ ಹೇಳೋಕೆ ನಾನು ಪಟ್ಟ ಕಷ್ಟ ಕಲ್ಲು ಒಡೆಯೋರಿಗೂ ಇಲ್ಲ.

ಆಮೇಲೆ ಅವಳು ಸಲಿಕೆ ಹಾಕಿ ಕೆದಕಿದಳು. ಕೆದಕುತ್ತಾ ಕೆದಕುತ್ತಾ ನಿಂತಳು. ಗೊಬ್ಬರದಲ್ಲಿ ಐದು ಗುಲಾಬಿ ಬೆರಳು ಕಾಣಿಸಿದವು.

"ನನ್ನ ಬೊಂಬೆ ಕೈ," ಅಂದಳು ಸಾನ್ವಿ. "ಆಸ್ಪತ್ರೆಯಿಂದ ಬಂದೈತೆ."

ನಾನು ಆ ಕೈಯನ್ನು ಗುರುತು ಹಿಡಿದೆ. ಕಿತ್ತು ಬಂದ ತುದಿಗೆ ನಾನು ಹಚ್ಚಿದ ಗೋಂದು ಇನ್ನೂ ಹಳದಿ ಬಣ್ಣಕ್ಕೆ ಒಣಗಿ ಕೂತಿತ್ತು. ನನ್ನ ತಿಪ್ಪೆಗೆ ಬಿದ್ದ ಕೈ ಬೀಗರ ಡ್ರಮ್ಮಿನಲ್ಲಿ ಎದ್ದಿದೆ ಅಂದರೆ ಆ ಗೊಬ್ಬರ ಯಾರ ಮನೆಯದು ಅಂತ ತಿಳಿಯೋಕೆ ನಾಲ್ಕನೇ ಕ್ಲಾಸು ಸಾಕು. ಗೌರಮ್ಮನ ಕಡೆ ನೋಡಿದೆ. ಅವಳು ಸುಶೀಲಮ್ಮನ ಕಡೆ ನೋಡಿದಳು. ಸುಶೀಲಮ್ಮ ಆಕಾಶ ನೋಡಿದರು. ನನ್ನೊಳಗೆ ಒಂದು ಸಂತೋಷ ಎದ್ದಿತು ನೋಡಿ, ಹೊಸದಾಗಿ ಕೊರೆಸಿದ ಬೋರ್‌ವೆಲ್ಲಿನಿಂದ ನೀರು ಚಿಮ್ಮಿದಂಗೆ. "ಬೀಗ್ರೆ," ಅಂತ ಬಾಯಿ ತೆರೆದೆ. ಗೌರಮ್ಮನ ಕಾಲು ಬಂದು ನನ್ನ ಕಾಲ ಮೇಲೆ ಕೂತಿತು.

ಆದರೆ ನಂಜುಂಡಪ್ಪನವರಿಗೆ ಏನೂ ಗೊತ್ತಿರಲಿಲ್ಲ. ಪಾಪ, ಅವರ ಮುಖದಲ್ಲಿ ಮಗುವಿನಷ್ಟೇ ಆಶ್ಚರ್ಯ. "ಆಡುವಾಗ ಒಳಗೆ ಬಿದ್ದಿರ್ಬೇಕು," ಅಂದರು. ಕೈ ಇಸಿದುಕೊಂಡು, ಪಂಚೆಯ ಅಂಚಿನಲ್ಲಿ ಒರೆಸಿ, ಎತ್ತಿ ಹಿಡಿದು, ಸ್ನೇಹಿತರಿಗೂ ನನಗೂ ತೋರಿಸಿದರು. "ನೋಡಿ ಬೀಗ್ರೆ. ಸಿಪ್ಪೆ ಕೊಳೀತು, ಸೊಪ್ಪು ಕೊಳೀತು, ಮೊಟ್ಟೆ ಓಡೂ ಕೊಳೀತು. ಇದು ಹಂಗೇ ಐತೆ. ಇದನ್ನ ಯಾವನು ಮಾಡಿದ್ನೋ, ಯಾವನು ತಂದು ಮಾರಿದ್ನೋ, ಯಾವ ಪುಣ್ಯಾತ್ಮ ಮಗೂಗೆ ಕೊಡ್ಸಿದ್ನೋ. ಭೂಮಿಗೆ ಇಂಥದ್ದು ಹಾಕೋದು ತಾಯಿಗೆ ವಿಷ ಇಕ್ದಂಗೆ. ಅಲ್ವಾ ಬೀಗ್ರೆ?"

ಈಗ ಹೇಳಿ, ನಾನು ಏನು ಹೇಳಬೇಕಿತ್ತು? ಇದು ನಮ್ಮ ಗೊಬ್ಬರ ಅನ್ನಬೇಕಾದರೆ ಇದು ನಮ್ಮ ಕೈ ಅನ್ನಬೇಕು. ಎರಡೂ ಒಂದೇ ಮೂಟೆಯಲ್ಲಿ ಬಂದಿವೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡೋ ಹಾಗಿಲ್ಲ. "ಹೌದು ಬೀಗ್ರೆ," ಅಂದೆ. ಜೀವನದಲ್ಲಿ ಮೊದಲ ಸಲ ಅವರ ಮಾತಿಗೆ ಹೌದು ಅಂದಿದ್ದೆ. ಅವರಿಗೆ ಎಷ್ಟು ಸಂತೋಷವಾಯಿತು ಅಂದರೆ ನನಗೆ ಎರಡನೇ ಸಲ ಕೇಸರಿಬಾತು ಬಡಿಸಿದರು. ಅಷ್ಟರಲ್ಲಿ ಸಾನ್ವಿ ಡ್ರಮ್ಮನ್ನು ತಬ್ಬಿಕೊಂಡು, "ತಾತ, ನಿನ್ನ ಡ್ರಮ್ಮೇ ಆಸ್ಪತ್ರೆ. ಕೈ ಸರಿ ಮಾಡೈತೆ," ಅಂದಳು. ಆ "ತಾತ" ನನಗಲ್ಲ ಅಂತ ಬೇರೆ ಹೇಳಬೇಕಾ?

ಬಸ್ಸಿನಲ್ಲಿ ಗೌರಮ್ಮ ಬಾಯಿ ಬಿಟ್ಟಳು. ಡ್ರಮ್ಮಿನಲ್ಲಿದ್ದದ್ದು ನಿಜಕ್ಕೂ ಕೆಟ್ಟು ಹುಳ ಬಿದ್ದಿತ್ತಂತೆ. ಯಜಮಾನರು ಮಂಕಾಗಿ ಕೂತುಬಿಟ್ಟರು, ಮಗೂನೂ ಅವರ ಹತ್ತಿರ ಬರಲ್ಲ ಅಂತ ಸುಶೀಲಮ್ಮ ಅತ್ತರಂತೆ. ಬೀಗರು ವಾಕಿಂಗಿಗೆ ಹೋದ ಹೊತ್ತಿನಲ್ಲಿ ಕೊಳೆತದ್ದನ್ನೆಲ್ಲ ಕಸದ ಗಾಡಿಗೆ ಸುರಿಸಿ, ಮಾದೇಶ ಹಿತ್ತಲ ಮೆಟ್ಟಿಲು ಹತ್ತಿ ನಮ್ಮ ಗೊಬ್ಬರ ತುಂಬಿಸಿ ಬಂದಿದ್ದ.

"ನನಗೆ ಒಂದು ಮಾತು ಹೇಳಬಾರದಿತ್ತಾ?" ಅಂದೆ.

"ಹೇಳಿದ್ರೆ ಕೊಡ್ತಿದ್ರಾ?"

"ನಾನು ಈಗ್ಲೇ ಬೀಗ್ರಿಗೆ ಫೋನ್ ಮಾಡಿ ಹೇಳ್ತೀನಿ, ಅದು ನನ್ನ ತಿಪ್ಪೆ ಅಂತ."

"ಮಾಡಿ. ಆ ಪುಣ್ಯಾತ್ಮ ಯಾರು ಅಂತಾನೂ ಹೇಳಿ," ಅಂದು ಅವಳು ಕಿಟಕಿ ಕಡೆ ತಿರುಗಿದಳು. ಹೊರಗೆ ನೋಡುತ್ತಲೇ ಮೆತ್ತಗೆ ಅಂದಳು, "ಅವರ ಮುಖ ನೋಡಿದ್ರಲ್ಲ. ಮಗು ಹತ್ರ ಬರಲ್ಲ ಅಂತ ಅವರೂ ಊಟ ಬಿಟ್ಟಿದ್ರಂತೆ. ನಿಮ್ಮಂಗೇನೆ." ಮುದ್ದೆ ಇಳಿಯದ ಗಂಟಲು ಹೇಗಿರುತ್ತೆ ಅಂತ ನನಗೆ ಗೊತ್ತಿತ್ತು.

ಮನೆಗೆ ಬಂದು ತಿಪ್ಪೆಯ ಮುಂದೆ ನಿಂತೆ. ಬೀಗರ ಮಾತು ಕಿವಿಯಲ್ಲಿತ್ತೋ ಏನೋ, ಅವತ್ತು ಮೊದಲ ಸಲ ತಿಪ್ಪೆಯನ್ನು ಹೆಮ್ಮೆಯಿಂದಲ್ಲದೆ ಬರೀ ಕಣ್ಣಿಂದ ನೋಡಿದೆ. ಶಾಂಪೂ ಚೀಟಿ, ಕಾಫಿಪುಡಿ ಚೀಟಿ, ಬಿಸ್ಕತ್ತಿನ ಕವರು, ಸರ್ಕಾರಿ ಗೊಬ್ಬರದ ಚೀಲದ ಚಿಂದಿ. ನಮ್ಮಪ್ಪನ ಕಾಲದಲ್ಲಿ ಈ ತಿಪ್ಪೆ ಏನು ಹಾಕಿದರೂ ಅರಗಿಸಿಕೊಳ್ಳುತ್ತಿತ್ತು. ಈಗ ಅದಕ್ಕೂ ನನ್ನ ಹಾಗೆ ಹಲ್ಲು ಹೋಗಿದೆ, ಅರ್ಧಕ್ಕರ್ಧ ಅಗಿಯಲಾರದೆ ಬಾಯಲ್ಲೇ ಇಟ್ಟುಕೊಂಡಿದೆ. ಅದಕ್ಕೆ ಅವನ್ನು ತಿನ್ನಿಸಿದವರು ಯಾವ ದೇಶದವರೂ ಅಲ್ಲ, ನಾವೇ. ಫಾರಿನ್ನು ನಮ್ಮ ಹಿತ್ತಲಿಗೆ ಬಂದದ್ದು ನನ್ನ ಕೈಯಲ್ಲೇ. ಗುಂಡಗಿನ ಭೂಮಿಯವರು ಹೇಳಿದ್ದು ಚೌಕದ ಭೂಮಿಗೂ ಒಂದಿಷ್ಟು ಹೊಂದುತ್ತೆ ಅಂತ ಆಗ ಹೊಳೆಯಿತು. ಬೀಗರಿಗೆ ಮಾತ್ರ ಹೇಳಬೇಡಿ.

ಅಂದಿನಿಂದ ಬೆಳಿಗ್ಗೆ ಎದ್ದು ತಿಪ್ಪೆಯಲ್ಲಿ ಚೀಟಿ ಆರಿಸುತ್ತೇನೆ. ಮಾದೇಶ ನೋಡಿ, "ಏನಣ್ಣ, ಚಿನ್ನ ಕಳ್ಕೊಂಡ್ಯಾ?" ಅಂದ. "ಬೀಗರ ಮರ್ಯಾದೆ ಹುಡುಕ್ತಾ ಇವ್ನಿ ಕಣ್ಲಾ," ಅಂದೆ. ಭೂಮಿ ಉಳಿಸೋಕೆ ಅಂತ ತಿಳಿದುಕೊಂಡೀರಿ, ಅಷ್ಟು ದೊಡ್ಡ ಮನುಷ್ಯ ನಾನಲ್ಲ. ಡ್ರಮ್ಮು ಮತ್ತೆ ಕೆಟ್ಟಿದೆ, ಸುಶೀಲಮ್ಮ ಫೋನ್ ಮಾಡಿದ್ದರು. ಈ ಸಲ ಮೂಟೆಯಲ್ಲಿ ಒಂದು ಬೆರಳೂ ಹೋಗಬಾರದು. ನಾನೇ ಜರಡಿ ಹಿಡಿದೆ, ನಾನೇ ಸೋಸಿದೆ, ಬಿತ್ತನೆ ರಾಗಿಯನ್ನೂ ಅಷ್ಟು ಚೆನ್ನಾಗಿ ಸೋಸಿಲ್ಲ. ಸೋಸುತ್ತಾ ಇರುವಾಗ ಸಾನ್ವಿಯ ವಿಡಿಯೋ ಕಾಲ್ ಬಂತು. ಬೊಗಸೆ ತುಂಬ ಹಳೇ ಫಲದ ಗೊಬ್ಬರ ಹಿಡಿದು ಫೋನಿಗೆ ಒಡ್ಡಿ, "ಮೂಸಿ ನೋಡು ಊರ ತಾತ, ಮಳೆ ವಾಸನೆ ಬತ್ತದೆ. ನಿಮ್ಮನೇಲಿ ಇಂಥದ್ದು ಇಲ್ಲ ಅಲ್ವಾ?" ಅಂದಳು.

ಕಾಲಡಿಯಲ್ಲಿ ಮೂಟೆ ಇತ್ತು. "ಇಲ್ಲ ಮಗ," ಅಂದೆ. ಹಿಂದೆ ಬೀಗರು ಮುಖ ತೂರಿಸಿ, "ಬೇಜಾರ್ ಮಾಡ್ಕೋಬೇಡಿ ಬೀಗ್ರೆ, ನಾನು ಹೇಳ್ಕೊಡ್ತೀನಿ," ಅಂದರು.

ಡ್ರಮ್ಮಿನ ಮೇಲಿದ್ದ ಹೊಟ್ಟೆಕಿಚ್ಚು ಆ ಹೊತ್ತಿಗೆ ಹೋಯಿತು ಅಂತ ಹೇಳಿದರೆ ನೀವು ಮೆಚ್ಚಿಕೊಳ್ಳಬಹುದು. ಹೋಗಲಿಲ್ಲ, ಜಾಗ ಬದಲಾಯಿಸಿತು. ಈಗ ನನಗೆ ನನ್ನ ತಿಪ್ಪೆಯ ಮೇಲೇ ಕಿಚ್ಚು. ಇಲ್ಲಿದ್ದಾಗ ಅದೂ ಗಬ್ಬು, ನಾನೂ ಊರ ತಾತ. ಅದು ಮಾತ್ರ ಆಟೋ ಹತ್ತಿ ರಾಮನಗರಕ್ಕೆ ಹೋಗಿ, ಹಸಿರು ಡ್ರಮ್ಮಿನಲ್ಲಿ ಕೂತು, ಕಾಂಪೋಸ್ಟು ಅನ್ನಿಸಿಕೊಂಡು, ನನ್ನ ಮೊಮ್ಮಗಳ ಬೊಗಸೆ ಸೇರಿಬಿಟ್ಟಿತು. ಮಾದೇಶ ಮೂಟೆ ಏರಿಸಿ ಗಾಡಿ ಚಾಲೂ ಮಾಡುವಷ್ಟರಲ್ಲಿ ನಾನು ಮೈ ತೊಳೆದು ಇಸ್ತ್ರಿ ಪಂಚೆ ಉಟ್ಟು ನಿಂತಿದ್ದೆ, ನನ್ನ ಬಾಯಿಂದ ತಾನಾಗೇ ಮಾತು ಬಂತು.

"ಮೂಟೆ ಪಕ್ಕದಲ್ಲಿ ಒಸಿ ಜಾಗ ಐತೇನ್ಲಾ?"

ಅವನು ನನ್ನ ಇಸ್ತ್ರಿ ಪಂಚೆ ನೋಡಿದ, ಮೂಟೆ ನೋಡಿದ. "ಐತೆ, ಬಾ ಅಣ್ಣ. ಆದ್ರೆ ಈಗ್ಲೇ ಹೇಳಿರ್ತೀನಿ, ಗೊಬ್ಬರ ಇಳಿಸೋದು ಹಿತ್ತಲ ಬಾಗ್ಲಲ್ಲಿ. ನಿಮ್ಮ ಬೀಗರು ವಾಕಿಂಗಿಂದ ಬರೋದ್ರೊಳಗೆ ಖಾಲಿ ಮಾಡ್ಕಂಡು ಬಂದ್ಬುಡ್ಬೇಕು."

ಪಂಚೆ ಎತ್ತಿಕಟ್ಟಿ ಮೂಟೆಗಳ ಮಧ್ಯೆ ಕೂತೆ. ನನ್ನ ಮಾವನವರು ಇದ್ದಿದ್ದರೆ ಒಂದು ಕೋಲು ತಗೊಂಡು ಮೂಟೆಯನ್ನೂ ನನ್ನನ್ನೂ ಚುಚ್ಚಿ ನೋಡಿ, ಯಾವುದಕ್ಕೆ "ಆಗ್ಬೋದು" ಅನ್ನುತ್ತಿದ್ದರು ಅಂತ ದಾರಿ ಉದ್ದಕ್ಕೂ ಯೋಚನೆ ಮಾಡಿದೆ. ಗೊತ್ತಿದ್ದೂ ಯೋಚನೆ ಮಾಡಿದೆ.